ಊರಿಗಾಗಿ ಕಟ್ಟಿದ ಮೈಸೂರು: ಹಬ್ಬ, ಪ್ರವಾಸಿ ಮತ್ತು ಪೇಟೆಯ ಗಳಿಕೆ



ಇದೊಂದು ದತ್ತಿ ಉಪನ್ಯಾಸ. ದತ್ತಿಯ ನಿಯಮ ನಿಮಗೆಲ್ಲ ಗೊತ್ತಿರುವುದೇ. ಇಡುಗಂಟನ್ನು ಯಾರೂ ಮುಟ್ಟುವಂತಿಲ್ಲ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ ನಡೆಯಬೇಕು. ಬಡ್ಡಿದರ ಇಳಿದರೆ ಊಟದ ಬದಲು ಕಾಫಿ ಕೊಡಬಹುದು, ಗಂಟಿಗೆ ಕೈಹಾಕುವಂತಿಲ್ಲ. ಇಂದಿನ ವಿಷಯಕ್ಕೂ ಇದೇ ನಿಯಮವನ್ನು ಹಚ್ಚಿ ನೋಡಬೇಕೆಂದಿದ್ದೇನೆ. ಒಂದು ಊರು ತನ್ನ ಹಬ್ಬ, ಕಲೆ, ಕಟ್ಟಡಗಳ ಬಲದಿಂದ ಹೊರಗಿನವರನ್ನು ಬರಮಾಡಿಕೊಂಡು ನಾಲ್ಕು ಕಾಸು ಸಂಪಾದಿಸುವಾಗ ತಿನ್ನುತ್ತಿರುವುದು ಬಡ್ಡಿಯನ್ನೋ, ಇಡುಗಂಟನ್ನೋ?

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಊರನ್ನು ಹಿಡಿದುಕೊಂಡಿದ್ದೇನೆ: ಮೈಸೂರು. ಅದರ ಬಗ್ಗೆ ನನ್ನ ಮುಖ್ಯ ಮಾತು ಒಂದೇ. ಇಂದು ಪ್ರವಾಸಿಗಳನ್ನು ಈ ಊರಿಗೆ ಎಳೆದು ತರುತ್ತಿರುವುದರಲ್ಲಿ ಬಹುಪಾಲನ್ನು ಪ್ರವಾಸಿಗಳಿಗಾಗಿ ಯಾರೂ ಕಟ್ಟಲಿಲ್ಲ. ಊರಿನವರ ಬಾಳಿಗಾಗಿ, ಆಡಳಿತದ ಅಗತ್ಯಕ್ಕಾಗಿ ಕಟ್ಟಿದರು. ಆದ್ದರಿಂದ ಪ್ರವಾಸೋದ್ಯಮವನ್ನು ಬೆಳೆಸುವ ಕೆಲಸ ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲಿ ಶುರುವಾಗುವುದಿಲ್ಲ. ನಗರಪಾಲಿಕೆಯ ಆರೋಗ್ಯ ಶಾಖೆಯಲ್ಲಿ, ಮಾರುಕಟ್ಟೆಯ ಸೂರಿನಡಿಯಲ್ಲಿ, ನಾಟಕದವರ ತಾಲೀಮಿನ ಕೋಣೆಯಲ್ಲಿ ಶುರುವಾಗುತ್ತದೆ.

ಒಂದು: ದಸರೆಗೊಂದು ಕೆಲಸವಿತ್ತು

ದಸರೆಯನ್ನು ನಾವು ಮೆರವಣಿಗೆಯೆಂದೇ ಬಗೆಯುತ್ತೇವೆ. ವಿಜಯನಗರದಲ್ಲಿ ಮಹಾನವಮಿಗೆ ಅದಕ್ಕಿಂತ ಬಿಗಿಯಾದ ಅರ್ಥವಿತ್ತು. 1443ರಲ್ಲಿ ಪರ್ಷಿಯಾದಿಂದ ಬಂದ ಅಬ್ದುಲ್ ರಜಾಕ್, ಆಮೇಲೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್ ಇಬ್ಬರೂ ಆ ಉತ್ಸವವನ್ನು ಕಂಡು ಬರೆದಿದ್ದಾರೆ. ನಾಯಕರು ಸೈನ್ಯ ಸಮೇತ ರಾಜಧಾನಿಗೆ ಬಂದು ತಮ್ಮ ಬಲವನ್ನೂ ನಿಷ್ಠೆಯನ್ನೂ ದೊರೆಯ ಮುಂದೆ ತೋರಿಸಬೇಕಿತ್ತು. ಉತ್ಸವ ರಾಜ್ಯದ ಲೆಕ್ಕ ತಪಾಸಣೆಯೂ ಆಗಿತ್ತು. ಆ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1799ರ ನಂತರ ಅದು ಮೈಸೂರಿಗೆ ಬಂತು.

ಆದರೆ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡು ಕಚೇರಿಗಳನ್ನು ಬೆಂಗಳೂರಿಗೆ ಒಯ್ದರು. ಐವತ್ತು ವರ್ಷ ಮೈಸೂರು ಅರಮನೆಯಿದ್ದೂ ಅಧಿಕಾರವಿಲ್ಲದ ಊರಾಗಿತ್ತು. 1881ರಲ್ಲಿ ರಾಜ್ಯ ಹತ್ತನೇ ಚಾಮರಾಜ ಒಡೆಯರಿಗೆ ಮರಳಿದಾಗಲೂ ಸಚಿವಾಲಯ ಬೆಂಗಳೂರಿನಲ್ಲೇ ಉಳಿಯಿತು. ಹಾಗಿರುವಾಗ ಮೈಸೂರಿಗೆ ಜನ ಏಕೆ ಬರಬೇಕು? ದಿವಾನ್ ರಂಗಾಚಾರ್ಲು ಅವರ ಕಾಲದ ಒಂದು ತೀರ್ಮಾನದಲ್ಲಿ ಇದಕ್ಕೆ ಉತ್ತರವಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. 144 ಪ್ರತಿನಿಧಿಗಳು ತಾಲೂಕು ತಾಲೂಕುಗಳಿಂದ ಬಂದರು. ಮುಂದೆಯೂ ಸಭೆ ದಸರೆಯ ಆಸುಪಾಸಿನಲ್ಲಿ ಮೈಸೂರಿನಲ್ಲೇ ಸೇರುತ್ತ ಬಂತು. ಅದೇ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲು ಓಡತೊಡಗಿತ್ತು. ಅದೇ ದೊರೆಯ ಆಳ್ವಿಕೆಯಲ್ಲಿ ದಸರಾ ವಸ್ತುಪ್ರದರ್ಶನವೂ ಹುಟ್ಟಿತು. ಹೊಸ ನೇಗಿಲು, ಹೊಸ ಬಿತ್ತನೆ, ಹೊಸ ಮಗ್ಗ, ಊರೂರಿನ ಕಸುಬುಗಳ ಸರಕು ಅಲ್ಲಿ ಬಂದವು.

ಈಗ ಒಬ್ಬ ತಾಲೂಕಿನ ಪ್ರತಿನಿಧಿಯ ದಿನಚರಿಯನ್ನು ಊಹಿಸಿಕೊಳ್ಳಿ. ಬೆಳಗ್ಗೆ ಸಭೆಯಲ್ಲಿ ತನ್ನ ಊರಿನ ಕೆರೆ, ಕಂದಾಯ, ರಸ್ತೆಯ ಅಹವಾಲು ಹೇಳುತ್ತಾನೆ. ಮಧ್ಯಾಹ್ನ ಪ್ರದರ್ಶನದಲ್ಲಿ ಹೊಸ ಏತದ ಬೆಲೆ ವಿಚಾರಿಸುತ್ತಾನೆ. ಸಂಜೆ ದರ್ಬಾರು, ಸಂಗೀತ. ಮನೆಗೆ ಹೊರಡುವಾಗ ಹೆಂಡತಿಗೊಂದು ಸೀರೆ, ಮಕ್ಕಳಿಗೆ ಆಟದ ಸಾಮಾನು. ಅವನು ಊರಲ್ಲಿ ಹಲವು ರಾತ್ರಿ ಉಳಿಯುತ್ತಾನೆ. ಛತ್ರದವನಿಗೆ, ಜಟಕಾದವನಿಗೆ, ಹೂವಾಡಗಿತ್ತಿಗೆ ಕಾಸು ಸಿಗುತ್ತದೆ. ಅವನನ್ನು ಕರೆತಂದ ನೆಪ ಉತ್ಸವ, ಉಳಿಸಿಕೊಂಡದ್ದು ಕೆಲಸ. ಹಬ್ಬದ ಜೊತೆಗೆ ಒಂದು ಕೆಲಸ ಇದ್ದಾಗ ಬಂದವನು ನಿಲ್ಲುತ್ತಾನೆ. ಬರೀ ನೋಟ ಇದ್ದಾಗ ನೋಡಿ ಹೊರಡುತ್ತಾನೆ. ಈ ಸೂತ್ರವನ್ನು ದಯವಿಟ್ಟು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡು: ಯಾರಿಗಾಗಿ ಕಟ್ಟಿದರು?

ಮೈಸೂರಿಗೆ ಬಂದ ಪ್ರವಾಸಿ ನೋಡುವ ಪಟ್ಟಿಯನ್ನು ಹಿಡಿದು ಪ್ರತಿಯೊಂದರ ಮೂಲ ಕೇಳೋಣ.

ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ನಕ್ಷೆಯಂತೆ ಹೊಸದು 1912ರಲ್ಲಿ ಮುಗಿಯಿತು. ಖರ್ಚು ಸುಮಾರು 42 ಲಕ್ಷ ರೂಪಾಯಿ. ಅದು ದೊರೆಯ ಮನೆ, ದರ್ಬಾರಿನ ಜಾಗ. ಟಿಕೆಟ್ಟಿನ ಕಿಟಕಿ ಅದರ ನಕ್ಷೆಯಲ್ಲಿ ಇರಲಿಲ್ಲ.

ಅಗಲ ರಸ್ತೆ, ಸಾಲುಮರ, ವೃತ್ತಗಳು. ಇದರ ಹಿಂದೆ ಇರುವುದು ಪ್ಲೇಗು. 1898ರ ಹೊತ್ತಿಗೆ ಪ್ಲೇಗು ಬೆಂಗಳೂರು, ಮೈಸೂರುಗಳನ್ನು ನಡುಗಿಸಿತು. ಇಕ್ಕಟ್ಟಿನ ಕೇರಿಗಳನ್ನು ಬಿಚ್ಚಿ, ಗಾಳಿ ಬೆಳಕು ಬರುವಂತೆ ಬಡಾವಣೆ ಮಾಡಲು, ಚರಂಡಿ ತೋಡಲು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ದೇಶದಲ್ಲಿ ಈ ಬಗೆಯ ಮೊದಮೊದಲ ಸಂಸ್ಥೆಗಳಲ್ಲಿ ಅದೊಂದು. ಒಂದು ಶತಮಾನ ದಾಟಿದ ಮೇಲೆ 2015 ಮತ್ತು 2016ರ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲ ಸ್ಥಾನ ಪಡೆದಾಗ ನಾವು ಫಲಕ ಹಾಕಿ ಸಂಭ್ರಮಿಸಿದೆವು. ಆ ಸ್ಥಾನಕ್ಕೆ ಕಾರಣರಾದವರಲ್ಲಿ ಇಂದಿನ ಪೌರಕಾರ್ಮಿಕರ ಜೊತೆ ಅಂದು ಒಳಚರಂಡಿಯ ಇಳಿಜಾರು ಲೆಕ್ಕ ಹಾಕಿದ ಓವರ್‌ಸಿಯರುಗಳೂ ಇದ್ದಾರೆ.

ಬೃಂದಾವನ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮಂಡ್ಯದ ಬಯಲಿಗೆ ನೀರು ಕೊಡುವುದಕ್ಕಾಗಿ, ಶಿವನಸಮುದ್ರದಲ್ಲಿ ವಿದ್ಯುತ್ತಿಗೆ ವರ್ಷವಿಡೀ ನೀರು ಸಿಗುವಂತೆ ಮಾಡುವುದಕ್ಕಾಗಿ. ವಿಶ್ವೇಶ್ವರಯ್ಯನವರ ತಲೆಯಲ್ಲಿ ಇದ್ದದ್ದು ಎಕರೆ ಮತ್ತು ಕೋಲಾರದ ಗಣಿಗೆ ಹೋಗುವ ವಿದ್ಯುತ್ತು. ಕಟ್ಟೆಯ ಕೆಳಗೆ ತೋಟ ಮಾಡಿದವರು ದಿವಾನ್ ಮಿರ್ಜಾ ಇಸ್ಮಾಯಿಲ್. ನನ್ನ ಪಟ್ಟಿಯಲ್ಲಿ ನೋಟಕ್ಕೆಂದೇ ಮಾಡಿದ್ದು ಬಹುಶಃ ಇದೊಂದೇ. ಅದೂ ಒಂದು ನೀರಾವರಿ ಕಾಮಗಾರಿಯ ಕಾಲಬುಡದಲ್ಲಿ.

ರೇಷ್ಮೆ, ಗಂಧ. ರಾಜ್ಯದ ರೇಷ್ಮೆ ಬೆಳೆಗಾರನ ಗೂಡಿಗೆ ಬೆಲೆ ಸಿಗಲೆಂದು 1912ರಲ್ಲಿ ಸರ್ಕಾರಿ ನೇಯ್ಗೆ ಕಾರ್ಖಾನೆ ಬಂತು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ ಇಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಎದ್ದಿತು. ಇಂದು ಮದುವೆ ಸೀರೆಗೆ ಹೊರಊರಿನ ಹೆಂಗಸರು ಬೆಳಗ್ಗೆಯೇ ಬಂದು ಮಳಿಗೆಯ ಮುಂದೆ ಸಾಲು ನಿಲ್ಲುತ್ತಾರೆ.

ಓರಿಯಂಟಲ್ ಲೈಬ್ರರಿ. ಹಸ್ತಪ್ರತಿ ಕೂಡಿಡಲು ಕಟ್ಟಿದ ಆ ಮನೆಯಲ್ಲಿ 1905ರಲ್ಲಿ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಗರಿಗಳನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಅಂದಿನಿಂದ ವಿದ್ವಾಂಸರು ಬರುತ್ತಲೇ ಇದ್ದಾರೆ. ನನ್ನಂಥ ಅರ್ಥಶಾಸ್ತ್ರದವರಿಗಂತೂ ಅದು ಯಾತ್ರಾಸ್ಥಳ. ಆದರೂ ನಮ್ಮ ಪ್ರವಾಸಿ ಕರಪತ್ರಗಳಲ್ಲಿ ಅದಕ್ಕೆ ಮೃಗಾಲಯದ ಜಿರಾಫೆಯಷ್ಟು ಜಾಗವೂ ಸಿಕ್ಕಿಲ್ಲ.

ಪಟ್ಟಿ ಇನ್ನೂ ಉದ್ದವಿದೆ. ಇಷ್ಟರಿಂದಲೇ ಒಂದು ಮಾತು ಖಚಿತವಾಗುತ್ತದೆ: ನಮ್ಮ ಹಿಂದಿನವರು ಊರಿಗೆ ಬೇಕಾದ್ದನ್ನು ಚೆನ್ನಾಗಿ ಕಟ್ಟಿದರು. ಚೆನ್ನಾಗಿ ಕಟ್ಟಿದ್ದರಿಂದ ಪರಊರಿನವರು ನೋಡಲು ಬಂದರು.

ಮೂರು: ಜಂಬೂಸವಾರಿಯ ದಿನ, ಗೋಕುಲಂನ ತಿಂಗಳು

1971ರಲ್ಲಿ ರಾಜಧನ ರದ್ದಾದ ಮೇಲೆ ದಸರೆ ಸರ್ಕಾರದ ನಾಡಹಬ್ಬವಾಯಿತು. ಅಂಬಾರಿಯಲ್ಲಿ ದೊರೆಯ ಬದಲು ಚಾಮುಂಡೇಶ್ವರಿ ಕುಳಿತಳು. ಇದು ಸಣ್ಣ ಬದಲಾವಣೆಯೇನಲ್ಲ. ಪ್ರಜಾಪ್ರಭುತ್ವ ಒಂದು ಅರಸು ಉತ್ಸವವನ್ನು ಗೌರವದಿಂದ ತನ್ನದಾಗಿಸಿಕೊಂಡ ಬಗೆ ಅದು. ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊತ್ತ ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂಬ ಆನೆಗಳ ಹೆಸರು ನಮ್ಮ ಮಕ್ಕಳಿಗೆ ಮಂತ್ರಿಗಳ ಹೆಸರಿಗಿಂತ ಚೆನ್ನಾಗಿ ಗೊತ್ತು. ಕಾಡಿನ ಶಿಬಿರಗಳಿಂದ ವಾರಗಳ ಮೊದಲೇ ಗಜಪಯಣ ಹೊರಡುತ್ತದೆ. ಮಾವುತರು, ಕಾವಾಡಿಗಳು ಸಂಸಾರ ಸಮೇತ ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಅವರ ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ.

ಆದರೆ ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದರೆ ವಿಜಯದಶಮಿ ಒಂದು ವಿಚಿತ್ರ ದಿನ. ಅರಮನೆಯಿಂದ ಬನ್ನಿಮಂಟಪದವರೆಗೆ ಲಕ್ಷಾಂತರ ಜನ. ಅಂಗಡಿಗಳ ಮುಂದೆ ಕಟಕಟೆ ಕಟ್ಟಿರುವುದರಿಂದ ಮೆರವಣಿಗೆಯ ದಾರಿಯ ವ್ಯಾಪಾರಿಗೆ ಅಂದು ವ್ಯಾಪಾರವೇ ಇಲ್ಲ. ಲಾಡ್ಜಿನವನು ಬಾಡಿಗೆ ಏರಿಸುತ್ತಾನೆ, ಆಟೋದವನು ಮೀಟರು ಮರೆಯುತ್ತಾನೆ. ಮರುದಿನ ಊರು ಖಾಲಿ. ಹತ್ತು ದಿನಕ್ಕೆ ಬೇಕಾದಷ್ಟು ಕೋಣೆ ಕಟ್ಟಿದರೆ ಮುನ್ನೂರೈವತ್ತು ದಿನ ಅವು ಬಣಗುಡುತ್ತವೆ. ವರ್ಷದ ಲೆಕ್ಕಕ್ಕೆ ಕಟ್ಟಿದರೆ ಹತ್ತು ದಿನ ಸಾಲುವುದಿಲ್ಲ. ಯಾವ ಹಬ್ಬದೂರಿಗೂ ತಪ್ಪದ ಇಕ್ಕಟ್ಟು ಇದು.

ಇನ್ನು ಊರಿನ ಉತ್ತರದ ಗೋಕುಲಂ ಬಡಾವಣೆಗೆ ಬನ್ನಿ. ಅದರ ಕಥೆ ಶುರುವಾಗುವುದು ಅರಮನೆಯಲ್ಲಿ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅರಸು ಮನೆತನದ ಹುಡುಗರಿಗೆ ಮೈಗಟ್ಟು ಬರಲಿ ಎಂಬುದು ಅದರ ಉದ್ದೇಶ. ಬಿ.ಕೆ.ಎಸ್. ಅಯ್ಯಂಗಾರ್ ಅವರ ಕಲಿಕೆ ಆರಂಭವಾದದ್ದು ಇಲ್ಲೇ. ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರು ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸುತ್ತ, ಲಕ್ಷ್ಮೀಪುರಂನ ಮನೆಯಲ್ಲಿ ಪಾಠ ಹೇಳುತ್ತ ಇದ್ದರು. 1964ರಲ್ಲಿ ಬೆಲ್ಜಿಯಂನ ಒಬ್ಬ ಯೋಗಾಸಕ್ತ ಅವರನ್ನು ಹುಡುಕಿಕೊಂಡು ಬಂದು, ಆಮೇಲೆ ತನ್ನ ಪುಸ್ತಕದಲ್ಲಿ ವಿಳಾಸ ಸಮೇತ ಬರೆದ. ಮುಂದೆ ಶಾಲೆ ಗೋಕುಲಂಗೆ ಹೋಯಿತು.

ಗೋಕುಲಂಗೆ ಬರುವ ವಿದೇಶಿಯ ಬದುಕನ್ನು ನೋಡಿ. ಅವನು ಸಾಮಾನ್ಯವಾಗಿ ಒಂದು ತಿಂಗಳು, ಎರಡು ತಿಂಗಳು ಉಳಿಯುತ್ತಾನೆ. ಮಹಡಿಯ ಮನೆ ಬಾಡಿಗೆಗೆ ಹಿಡಿಯುತ್ತಾನೆ, ಸ್ಕೂಟರ್ ಬಾಡಿಗೆಗೆ ತರುತ್ತಾನೆ. ಬೆಳಗಿನ ಅಭ್ಯಾಸ ಮುಗಿಸಿ ಎಳನೀರಿನ ಗಾಡಿಯ ಮುಂದೆ ನಿಲ್ಲುತ್ತಾನೆ. ಮಧ್ಯಾಹ್ನ ಯಾರದೋ ಮನೆಯ ಹಜಾರದಲ್ಲಿ ಊಟ. ಸಂಜೆ ಸಂಸ್ಕೃತ ಪಾಠ, ಇಲ್ಲವೇ ಅಡುಗೆ ಕಲಿಯುವುದು. ದರ್ಜಿಯ ಹತ್ತಿರ ಬಟ್ಟೆ ಹೊಲಿಸುತ್ತಾನೆ. ಮುಂದಿನ ವರ್ಷ ಮತ್ತೆ ಬರುತ್ತಾನೆ. ಹಣ ಹೋಗುವುದು ದೊಡ್ಡ ಹೋಟೆಲಿಗಲ್ಲ, ನಿವೃತ್ತ ಗುಮಾಸ್ತರ ಮಹಡಿಗೆ, ಗೃಹಿಣಿಯ ಒಲೆಗೆ. ಬಡಾವಣೆಯಲ್ಲಿ ಬಾಡಿಗೆ ಏರಿ ಊರಿನ ಬಾಡಿಗೆದಾರರಿಗೆ ಕಷ್ಟವಾಗುವುದು ಇದರ ಇನ್ನೊಂದು ಮುಖ, ಅದನ್ನೂ ಮುಚ್ಚಿಡಬಾರದು.

ಸರಳ ಗುಣಾಕಾರ ಮಾಡೋಣ. ಒಂದು ಲಕ್ಷ ಜನ ಬೆಳಗ್ಗೆ ಬಂದು ಸಂಜೆ ಹೋದರೆ ಊರಲ್ಲಿ ಕಳೆದ ರಾತ್ರಿಗಳ ಸಂಖ್ಯೆ ಸೊನ್ನೆ. ಒಂದು ಸಾವಿರ ಜನ ಒಂದು ತಿಂಗಳು ಉಳಿದರೆ ಮೂವತ್ತು ಸಾವಿರ ರಾತ್ರಿ. ನಮ್ಮ ವರದಿಗಳು ಮೊದಲನೆಯದನ್ನು ಯಶಸ್ಸೆಂದು ಬರೆದುಕೊಳ್ಳುತ್ತವೆ. ಎರಡನೆಯದನ್ನು ಎಣಿಸುವ ಕಾಲಂ ಕೂಡ ಅವುಗಳಲ್ಲಿ ಇರುವುದಿಲ್ಲ.

ನಾಲ್ಕು: ದಾರಿ ಹತ್ತಿರವಾದಾಗ

ಅಭಿವೃದ್ಧಿ ಎಂದರೆ ರಸ್ತೆ ಎಂದು ನಾವೆಲ್ಲ ನಂಬಿದ್ದೇವೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ತಾಸಿನ ದಾರಿ ಒಂದೂವರೆ ತಾಸಿಗೆ ಇಳಿಯಿತು. ಒಳ್ಳೆಯದೇ. ಆದರೆ ದೂರ ಕಡಿಮೆಯಾದರೆ ಬರುವುದು ಸುಲಭವಾದಂತೆ ಹೋಗುವುದೂ ಸುಲಭವಾಗುತ್ತದೆ. ಮೊದಲು ಹೋಟೆಲಿನಲ್ಲಿ ಉಳಿದು ಮರುದಿನ ಬೆಟ್ಟಕ್ಕೆ, ಸೋಮನಾಥಪುರಕ್ಕೆ ಹೋಗುತ್ತಿದ್ದ ಬೆಂಗಳೂರಿನ ಸಂಸಾರ ಈಗ ಭಾನುವಾರ ಅರಮನೆಯ ದೀಪ ನೋಡಿ ಊಟದ ಹೊತ್ತಿಗೆ ಮನೆ ಸೇರಬಲ್ಲದು.

ದಾರಿಯ ನಡುವಿನ ಊರುಗಳ ಕಥೆ ಇನ್ನೂ ನೇರ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್ ಆಯಿತು. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಕಸುಬಿಗೆ 2005ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಕಾನೂನಿನ ಮಾನ್ಯತೆಗಿಂತ ಹೆಚ್ಚು ಅನ್ನ ಕೊಟ್ಟದ್ದು ಹಳೆ ಹೆದ್ದಾರಿಯ ಪಕ್ಕದ ಅಂಗಡಿಸಾಲು. ಮದ್ದೂರು ವಡೆಯೂ ಹಾಗೆಯೇ. ರೈಲು ನಿಲ್ಲುತ್ತಿದ್ದುದರಿಂದ ಹೆಸರಾದ ತಿಂಡಿ, ಮುಂದೆ ಬಸ್ಸು, ಕಾರು ನಿಲ್ಲುತ್ತಿದ್ದುದರಿಂದ ಬದುಕಿತು. ಹೊಸ ದಾರಿಯಲ್ಲಿ ನಿಲ್ಲುವ ಅವಕಾಶವೇ ಇಲ್ಲ. ಅಂಗಡಿಯವರಿಗೆ ವ್ಯಾಪಾರ ಕುಸಿದದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಯಿತು. ಒಂದು ಊರಿನ ಪ್ರವಾಸಿ ಗಳಿಕೆಯನ್ನು ಹೆಚ್ಚಿಸಲು ಹಾಕಿದ ರಸ್ತೆ ಇನ್ನೈದು ಊರುಗಳ ಗಳಿಕೆಯನ್ನು ತಗ್ಗಿಸಿತು. ಆ ಒಂದು ಊರಿನ ರಾತ್ರಿಗಳನ್ನೂ ಹೆಚ್ಚಿಸಿತೆಂದು ಹೇಳುವಂತಿಲ್ಲ.

ರಸ್ತೆ ಬೇಡ ಎಂದು ನಾನು ಹೇಳುತ್ತಿಲ್ಲ. ರಸ್ತೆಯ ನಕ್ಷೆ ಬರೆಯುವ ದಿನವೇ ಬೊಂಬೆಯವನ ಅಂಗಡಿಗೆ ಇಳಿಯುವ ದಾರಿ ಎಲ್ಲಿ ಎಂದು ಕೇಳುವವರು ಆ ಕೋಣೆಯಲ್ಲಿ ಇರಬೇಕಿತ್ತು.

ಐದು: ಗಳಿಕೆ ಯಾರ ಖಾತೆಗೆ, ಕಸ ಯಾರ ತಲೆಗೆ?

ಪ್ರವಾಸಿ ಕೊಡುವ ಒಂದೊಂದು ರೂಪಾಯಿ ಎಲ್ಲಿಗೆ ಹೋಗುತ್ತದೆ? ಅರಮನೆಯ ಟಿಕೆಟ್ಟು ಅರಮನೆ ಮಂಡಳಿಗೆ. ಮೃಗಾಲಯದ ಟಿಕೆಟ್ಟು ಮೃಗಾಲಯಕ್ಕೆ. 1892ರಲ್ಲಿ ಹುಟ್ಟಿದ ಆ ಸಂಸ್ಥೆ ಮುಖ್ಯವಾಗಿ ತನ್ನ ಬಾಗಿಲ ಗಳಿಕೆಯಿಂದಲೇ ನಡೆಯುತ್ತದೆ, ಅದು ಮೆಚ್ಚಬೇಕಾದ ಮಾತು. ಹೋಟೆಲ್ ಕೋಣೆಯ ಮೇಲಿನ ಜಿಎಸ್‌ಟಿ ರಾಜ್ಯ ಮತ್ತು ಕೇಂದ್ರಕ್ಕೆ. ಹಿಂದೆ ಇದ್ದ ರಾಜ್ಯದ ವಿಲಾಸ ತೆರಿಗೆ 2017ರಲ್ಲಿ ಅದರಲ್ಲೇ ಸೇರಿಹೋಯಿತು. ನಗರಪಾಲಿಕೆಗೆ ಬರುವುದು ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ ಶುಲ್ಕದಂಥವು. ಹೋಟೆಲ್ ತುಂಬಿದರೂ ಖಾಲಿಯಿದ್ದರೂ ಅವು ಬದಲಾಗುವುದಿಲ್ಲ. ಆದರೆ ಪ್ರವಾಸಿ ಬಿಟ್ಟುಹೋಗುವ ಬಾಟಲಿ, ತಟ್ಟೆ, ಶೌಚಾಲಯದ ನೀರು, ಒಡೆದ ಪಾದಚಾರಿ ಮಾರ್ಗ ಎಲ್ಲವೂ ಪಾಲಿಕೆಯ ಲೆಕ್ಕಕ್ಕೆ. ದಸರೆಯ ಮರುದಿನ ಬೆಳಗ್ಗೆ ಊರು ಎದ್ದೇಳುವ ಮೊದಲೇ ರಸ್ತೆಗಿಳಿದು ಗುಡಿಸುವ ಪೌರಕಾರ್ಮಿಕರ ಕೂಲಿಯನ್ನು ಹೀಗೆ ಪ್ರವಾಸಿ ಕೊಡುವುದಿಲ್ಲ, ಊರಿನ ಮನೆಮಾಲೀಕ ಕೊಡುತ್ತಾನೆ.

ಹೊರಗಿನ ಊರುಗಳು ಈ ಗಂಟನ್ನು ಬಿಚ್ಚಲು ಯತ್ನಿಸಿವೆ. ಜಪಾನಿನ ಕ್ಯೋಟೊ 2018ರಿಂದ ವಸತಿ ತೆರಿಗೆ ಹಾಕುತ್ತಿದೆ. ವೆನಿಸ್ 2024ರಲ್ಲಿ ದಟ್ಟಣೆಯ ದಿನಗಳಲ್ಲಿ ಒಂದು ದಿನಕ್ಕೆಂದು ಬರುವವರಿಗೆ ಐದು ಯೂರೋ ಪ್ರವೇಶ ಶುಲ್ಕ ಇಟ್ಟಿತು. ರಾತ್ರಿ ಉಳಿಯುವವರಿಗೆ ಅದರಿಂದ ವಿನಾಯಿತಿ. ಎರಡರ ತರ್ಕವೂ ಗಮನಿಸಬೇಕಾದದ್ದು. ವೆನಿಸ್ ಜನಜಂಗುಳಿಯನ್ನು ತಗ್ಗಿಸಿತೋ ಇಲ್ಲವೋ ಎಂಬ ಚರ್ಚೆ ಬೇರೆ. ಬಂದು ಹೋಗುವವನಿಗೂ ಉಳಿಯುವವನಿಗೂ ಊರು ಬೇರೆ ಬೇರೆ ಬೆಲೆ ಕಟ್ಟಬಹುದು ಎಂದಂತೂ ಅದು ತೋರಿಸಿತು.

ಆರು: ಕರಗುತ್ತಿರುವ ಇಡುಗಂಟು

ಈಗ ನಾನು ಆರಂಭದಲ್ಲಿ ಹೇಳಿದ ಗಂಟಿನ ಸ್ಥಿತಿ ನೋಡೋಣ.

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಲ್ಲಿ ಪುಸ್ತಕದಂಗಡಿಗಳಿದ್ದವು, ಸಣ್ಣ ವ್ಯಾಪಾರಿಗಳಿದ್ದರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ನ್ಯಾಯಾಲಯದವರೆಗೆ ಹೋಯಿತು. ಆ ಮಾರುಕಟ್ಟೆಯ ಕುಂಕುಮದ ರಾಶಿಯ ಚಿತ್ರವನ್ನು ತೆಗೆಯದ ವಿದೇಶಿ ಇಲ್ಲ. ಆದರೆ ಚಿತ್ರ ತೆಗೆದವನು ಕೊಳ್ಳುವುದು ಒಂದು ಸಣ್ಣ ಡಬ್ಬಿ. ಆ ರಾಶಿಯನ್ನು ಉಳಿಸಿರುವುದು ಪೂಜೆಗೆ ಅರಿಶಿನ ಕುಂಕುಮ, ಮದುವೆಗೆ ಹೂವು, ಗೃಹಪ್ರವೇಶಕ್ಕೆ ಬಾಳೆಕಂದು ಕೊಳ್ಳುವ ಊರಿನ ಗಿರಾಕಿ. ಅವನು ಮಾಲಿಗೆ ಹೋದ ದಿನ ಚಿತ್ರವೂ ಇಲ್ಲ, ಪ್ರವಾಸಿಯೂ ಇಲ್ಲ. ಹಂಪಿಯಲ್ಲಿ 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬದುಕುತ್ತಿದ್ದವರನ್ನು ಎಬ್ಬಿಸಿದರು. ಸ್ಮಾರಕಕ್ಕೆ ರಕ್ಷಣೆ ಬೇಕಿತ್ತು, ನಿಜ. ಆದರೆ ಬಜಾರು ಎಂಬ ಹೆಸರು ಉಳಿದು ಬಜಾರು ಹೋಯಿತು.

ಬೆಳೆಗಳ ಕಥೆಯೂ ಇದೇ. ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಮೂರಕ್ಕೂ ಭೌಗೋಳಿಕ ಸೂಚಕವಿದೆ. ರಸಬಾಳೆ ಸೊರಗುರೋಗಕ್ಕೆ ಸಿಕ್ಕಿ ಬೆಳೆಯುವ ಜಾಗ ಬೆರಳೆಣಿಕೆಯ ಎಕರೆಗಳಿಗೆ ಇಳಿದಿತ್ತು. ಮಲ್ಲಿಗೆ ತೋಟ, ಎಲೆತೋಟಗಳಿದ್ದಲ್ಲಿ ಸೈಟುಗಳ ಕಲ್ಲು ನೆಟ್ಟಾಗಿದೆ. ಹೆಸರನ್ನು ಕಾನೂನು ಕಾಯಬಲ್ಲದು. ಬೆಳೆಯುವ ಮಣ್ಣನ್ನು ಕಾಯಲು ನಗರಾಭಿವೃದ್ಧಿಯ ನಕ್ಷೆ ಬೇಕು.

ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಹಾಕುವ ಮಾತು ಆಗಾಗ ಎದ್ದಿದೆ, ಊರಿನ ಜನ ಆಗಾಗ ವಿರೋಧಿಸಿದ್ದಾರೆ. 2021ರ ಅಕ್ಟೋಬರಿನ ಮಳೆಗೆ ನಂದಿಯ ಕಡೆಯ ರಸ್ತೆಯೇ ಕುಸಿಯಿತು. ಬೆಟ್ಟಕ್ಕೆ ಹೊರೆ ಹೆಚ್ಚಿಸುವ ಮೊದಲು ಅದು ಎಷ್ಟು ತಡೆದೀತು ಎಂದು ಕೇಳುವುದು ಭಕ್ತಿಗೂ ವಿರೋಧವಲ್ಲ, ಅಭಿವೃದ್ಧಿಗೂ ವಿರೋಧವಲ್ಲ.

ಎಲ್ಲವೂ ಕರಗುತ್ತಿದೆ ಎಂದು ಹೇಳಿದರೆ ಅನ್ಯಾಯವಾದೀತು. ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನು ಕೆಡವುವ ಕೆಲಸ 2011ರಲ್ಲಿ ಶುರುವಾಗಿತ್ತು. ಅದನ್ನು ತಡೆದು, ದುರಸ್ತಿ ಮಾಡಿ 2016ರಲ್ಲಿ ಸಾರ್ವಜನಿಕರಿಗೆ ತೆರೆದರು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಹುಟ್ಟಿದ ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ದೂರದ ಜಿಲ್ಲೆಗಳಿಂದ ಜನ ಬಂದು ದಿನಗಟ್ಟಲೆ ಉಳಿಯುತ್ತಾರೆ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ದಕ್ಷಿಣದ ದೊಡ್ಡ ಸಂಗೀತಗಾರರು ಬೀದಿಯ ಚಪ್ಪರದಲ್ಲಿ ಕಛೇರಿ ಮಾಡುತ್ತಾರೆ. ನಡೆಸುವವರು ಬಡಾವಣೆಯ ಜನ, ಕೇಳಲು ಟಿಕೆಟ್ಟಿಲ್ಲ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಇದೇ ಗುಣದ ಹಿಂದಿನ ತಲೆಮಾರು. ಇವ್ಯಾವುವೂ ಪ್ರವಾಸಿಗಳ ಲೆಕ್ಕ ಹಿಡಿದು ಹುಟ್ಟಿದವಲ್ಲ. ರಸಿಕರಿರುವ ಊರಿಗೆ ಕಲಾವಿದ ಬರುತ್ತಾನೆ, ಕಲಾವಿದ ಬರುವ ಊರಿಗೆ ಪರಊರಿನ ರಸಿಕ ಬರುತ್ತಾನೆ.

ಏಳು: ಏನು ಮಾಡಬಹುದು?

ಟೀಕೆ ಮಾಡಿ ಮೈಕು ಕೆಳಗಿಡುವುದು ಸುಲಭ. ಐದು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ.

ಮೊದಲನೆಯದು ಎಣಿಕೆ. ಎಷ್ಟು ಜನ ಬಂದರು ಎಂಬ ಅಂಕಿಯ ಪಕ್ಕದಲ್ಲಿ ಎಷ್ಟು ರಾತ್ರಿ ಉಳಿದರು, ಊರಿನ ಯಾವ ಕಸುಬಿನವನಿಂದ ಏನು ಕೊಂಡರು ಎಂಬ ಅಂಕಿ ಬರಬೇಕು. ಇದಕ್ಕೆ ದೊಡ್ಡ ಸಲಹಾ ಸಂಸ್ಥೆ ಬೇಡ. ನಮ್ಮ ಕಾಲೇಜುಗಳ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ವರ್ಷಕ್ಕೆ ನಾಲ್ಕು ಬಾರಿ ಬಸ್ ನಿಲ್ದಾಣ, ರೈಲು ನಿಲ್ದಾಣ, ಲಾಡ್ಜುಗಳಲ್ಲಿ ಕೇಳಿ ಬರೆದರೆ ಸಾಕು; ಅವರಿಗೆ ಅಂಕ, ಊರಿಗೆ ಅಂಕಿ.

ಎರಡನೆಯದು ಪಾಲು. ಊರಿನ ನೋಟದ ಜಾಗಗಳ ಟಿಕೆಟ್ ಗಳಿಕೆಯಲ್ಲಿ ಒಂದು ನಿಗದಿತ ಪಾಲು ಕಾನೂನಿನ ಪ್ರಕಾರವೇ ನಗರಪಾಲಿಕೆಗೆ ಬರಬೇಕು. ಅದನ್ನು ಶೌಚಾಲಯ, ಪಾದಚಾರಿ ಮಾರ್ಗ, ಪೌರಕಾರ್ಮಿಕರ ವೇತನಕ್ಕೆ ಮಾತ್ರ ಖರ್ಚು ಮಾಡಬೇಕು.

ಮೂರನೆಯದು ದಸರೆಗೆ ಮತ್ತೆ ಕೆಲಸ ಹಚ್ಚುವುದು. ವಸ್ತುಪ್ರದರ್ಶನ ಇಂದು ಬಹುಮಟ್ಟಿಗೆ ತಿಂಡಿ, ಜಯಂಟ್ ವೀಲ್, ಎಲ್ಲ ಊರಲ್ಲೂ ಸಿಗುವ ಪ್ಲಾಸ್ಟಿಕ್ ಸಾಮಾನಿನ ಜಾತ್ರೆ. ಅದರಲ್ಲಿ ಒಂದು ವಾರ ಕಸುಬುಗಳ ಸಗಟು ವ್ಯಾಪಾರಕ್ಕೆ ಮೀಸಲಾಗಲಿ. ಚನ್ನಪಟ್ಟಣದ ಬೊಂಬೆ, ಮೈಸೂರಿನ ಬೀಟೆಮರದ ಕೆತ್ತನೆ, ಗಂಜೀಫಾ, ಊದುಬತ್ತಿಯವರು ವರ್ಷದ ಆರ್ಡರನ್ನು ಅಲ್ಲಿ ಹಿಡಿಯುವಂತಾಗಲಿ. ರೈತ ದಸರಾ ಬಿತ್ತನೆಬೀಜದ ಗಂಭೀರ ಪೇಟೆಯಾಗಲಿ. ಮೊದಲ ಭಾಗದಲ್ಲಿ ಹೇಳಿದ ತಾಲೂಕಿನ ಪ್ರತಿನಿಧಿಗೆ ಇದ್ದಂತೆ, ಬಂದವನಿಗೆ ನಾಲ್ಕು ದಿನ ನಿಲ್ಲಲು ಕಾರಣ ಸಿಗಲಿ.

ನಾಲ್ಕನೆಯದು ವೇದಿಕೆಯ ಹಂಚಿಕೆ. ಒಂದು ದೊಡ್ಡ ಮೈದಾನದಲ್ಲಿ ಸಿನಿಮಾ ತಾರೆಯರ ಒಂದು ರಾತ್ರಿಗೆ ಆಗುವ ಖರ್ಚಿನಲ್ಲಿ ಊರಿನ ಹತ್ತಾರು ಸಣ್ಣ ಸಭಾಂಗಣಗಳು ವರ್ಷವಿಡೀ ನಡೆದಾವು. 1947ರಲ್ಲಿ ಎಡಿನ್‌ಬರಾ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಆಹ್ವಾನವಿಲ್ಲದ ಎಂಟು ತಂಡಗಳು ತಾವೇ ಜಾಗ ಹಿಡಿದು ನಾಟಕವಾಡಿದವು. ಆ ಕರೆಯದೆ ಬಂದವರ ಉತ್ಸವವೇ ಫ್ರಿಂಜ್ ಎಂಬ ಹೆಸರಿನಲ್ಲಿ ಇಂದು ಜಗತ್ಪ್ರಸಿದ್ಧ. ಮೈಸೂರಿನಲ್ಲಿ ಹವ್ಯಾಸಿ ತಂಡಗಳಿಗೇನೂ ಬರವಿಲ್ಲ. ಅವಕ್ಕೆ ಬೇಕಾದದ್ದು ಕಡಿಮೆ ಬಾಡಿಗೆಯ ಶಾಲಾ ಸಭಾಂಗಣ, ಹೊತ್ತಿಗೆ ಸರಿಯಾಗಿ ಕೈಸೇರುವ ಸಂಭಾವನೆ, ರಾತ್ರಿ ನಾಟಕ ಮುಗಿದ ಮೇಲೆ ಓಡುವ ಒಂದು ಸಿಟಿ ಬಸ್ಸು.

ಐದನೆಯದು ದುರಸ್ತಿ. ಹೊಸದಕ್ಕೆ ಶಂಕುಸ್ಥಾಪನೆ ಇದೆ, ಫಲಕ ಇದೆ. ಸೋರುವ ಸೂರಿಗೆ ಗಾರೆ ಹಾಕಿದರೆ ಯಾರ ಹೆಸರೂ ಕೆತ್ತುವುದಿಲ್ಲ. ಆದ್ದರಿಂದ ಹಳೆ ಕಟ್ಟಡಗಳ ವಾರ್ಷಿಕ ದುರಸ್ತಿಗೆ ಯಾರೂ ಬೇರೆಡೆಗೆ ತಿರುಗಿಸಲಾಗದ ನಿಧಿ ಬೇಕು. ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳನ್ನು ತಯಾರು ಮಾಡುವ ಒಂದು ಶಾಲೆ ಬೇಕು. ಅದೂ ಊರಿನ ಹುಡುಗರಿಗೆ ಉದ್ಯೋಗವೇ.

ಕೊನೆಯದಾಗಿ ಒಂದು ಪರೀಕ್ಷೆ. 2020ರಲ್ಲಿ ಕೊರೊನಾ ಕಾರಣದಿಂದ ಜಂಬೂಸವಾರಿ ಅರಮನೆಯ ಗೋಡೆಯೊಳಗೇ, ಬೆರಳೆಣಿಕೆಯ ಜನರ ಮುಂದೆ ನಡೆಯಿತು. ಪ್ರವಾಸಿ ಎಂಬವನೇ ಇಲ್ಲದ ಆ ವರ್ಷ ಅವನನ್ನೇ ನಂಬಿದ್ದ ಟಾಂಗಾದವರು, ಗೈಡುಗಳು, ಲಾಡ್ಜಿನ ಹುಡುಗರು ಕಂಗೆಟ್ಟರು. ಊರಿನ ಗಿರಾಕಿಯೂ ಇದ್ದವರು ಹೇಗೋ ದಡ ಸೇರಿದರು. ಆದ್ದರಿಂದ ಪ್ರವಾಸೋದ್ಯಮದ ಹೆಸರಿನಲ್ಲಿ ಮೇಜಿನ ಮೇಲೆ ಬರುವ ಪ್ರತಿಯೊಂದು ಯೋಜನೆಗೂ ಒಂದು ಪ್ರಶ್ನೆ ಕೇಳೋಣ: ನಾಳೆಯಿಂದ ಒಬ್ಬ ಪ್ರವಾಸಿಯೂ ಬರದಿದ್ದರೂ ಇದು ಊರಿಗೆ ಬೇಕೆ? ಮಾರುಕಟ್ಟೆಯ ದುರಸ್ತಿ ಬೇಕು. ನೆರಳಿರುವ ಪಾದಚಾರಿ ಮಾರ್ಗ ಬೇಕು. ಸ್ವಚ್ಛ ಶೌಚಾಲಯ, ಸಣ್ಣ ರಂಗಮಂದಿರ, ರಾತ್ರಿ ಬಸ್ಸು, ಉಳಿದಿರುವ ಮಲ್ಲಿಗೆ ತೋಟ ಎಲ್ಲವೂ ಬೇಕು. ಉತ್ತರ ಬೇಡ ಎಂದಾದರೆ ಆ ಕಡತವನ್ನು ಮುಚ್ಚಿ ಮುಂದಿನದನ್ನು ತೆರೆಯೋಣ. ಈ ಒಂದು ಪ್ರಶ್ನೆಯನ್ನು ನಗರಪಾಲಿಕೆಯ ಮುಂದಿನ ಆಯವ್ಯಯದ ಚರ್ಚೆಯಲ್ಲಿ ಎದ್ದುನಿಂತು ಕೇಳುವ ಯುವಕ ಯುವತಿಯರು ಈ ಸಭೆಯಲ್ಲಿ ಇದ್ದಾರೆಂಬ ಭರವಸೆಯಿಂದ ನನ್ನ ಮಾತು ಮುಗಿಸುತ್ತೇನೆ.